ಕಿರಿಯ ಪ್ರಾಥಮಿಕ ತರಗತಿಗಳಿಗೆ ಶಿಕ್ಷಕರ ಹುದ್ದೆಗಳು: ಪೋಷಕರ ಮಾಹಿತಿಗಾಗಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಸರ್ವ ಶಿಕ್ಷಣ ಅಭಿಯಾನದಡಿ 40 ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಮಾನದಂಡವಿತ್ತು.

ಸದರಿ ಅಧಿನಿಯಮದ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಯವರೆಗೆ ದಾಖಲಾದ ಮಕ್ಕಳ ಸಂಖ್ಯೆ 60ರವರೆಗೆ ಇದ್ದಲ್ಲಿ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು ಶಿಕ್ಷಕರಿರತಕ್ಕದ್ದು. ಮಕ್ಕಳು 150ನ್ನು ಮೀರಿದಲ್ಲಿ ಐವರು ಶಿಕ್ಷಕರ ಜೊತೆಗೆ ಮುಖ್ಯೋಪಾಧ್ಯಾಯರೊಬ್ಬರು ಇರಬೇಕು.

ಈ ಲೆಕ್ಕವು ಇಡೀ ಶಾಲೆಗೆ ಸಂಬಂಧಿಸಿದ್ದೇ ಹೊರತು ಒಂದು ತರಗತಿಗಲ್ಲ. ಅರ್ಜಿದಾರರು ಬಹುತೇಕ ಎಡವುವುದು ಇಲ್ಲಿಯೇ. ಒಂದನೆಯ ತರಗತಿಯಲ್ಲಿ 35 ಮಕ್ಕಳಿದ್ದು, ಐದೂ ತರಗತಿಗಳ ಒಟ್ಟು ಸಂಖ್ಯೆ 60 ಆಗಿದ್ದರೆ ಆ ಶಾಲೆಗೆ ದೊರೆಯುವುದು ಎರಡೇ ಹುದ್ದೆ. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನಿರ್ವಹಿಸುವುದು ಸುಲಭವೆಂದು ಯಾರೂ ಹೇಳಲಾರರು. ನಲಿ-ಕಲಿ ಪದ್ಧತಿಯಲ್ಲಿ 1ರಿಂದ 3ನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಲಾಗುತ್ತದೆ. ಆದರೆ ಮಕ್ಕಳು 61 ಆದೊಡನೆ ಮೂರನೆಯ ಶಿಕ್ಷಕರಿಗೆ ಶಾಲೆಯು ಅರ್ಹವಾಗುತ್ತದೆ. ಆದುದರಿಂದ ದಾಖಲಾತಿ ವಹಿಯಲ್ಲಿ ಪ್ರತಿಯೊಂದು ಮಗುವಿನ ಹೆಸರಿರುವುದು ಅತ್ಯಗತ್ಯ.

ಪ್ರಕರಣ 25ರ ಪ್ರಕಾರ ಈ ಅನುಪಾತವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಕಾಪಾಡತಕ್ಕದ್ದು. ತಾಲ್ಲೂಕಿನ ಸರಾಸರಿ ಸರಿಯಿದೆ ಎಂಬುದು ನಿಮ್ಮ ಶಾಲೆಯ ಕೊರತೆಗೆ ಉತ್ತರವಾಗದು. ಅನುಪಾತ ಕಾಪಾಡುವ ಉದ್ದೇಶದಿಂದಲೇ, ಒಂದು ಶಾಲೆಗೆ ನೇಮಕಗೊಂಡ ಶಿಕ್ಷಕರನ್ನು ಬೇರೆ ಶಾಲೆ ಅಥವಾ ಕಛೇರಿಯ ಕೆಲಸಕ್ಕೆ ನಿಯೋಜಿಸುವುದನ್ನು ಅದೇ ಪ್ರಕರಣ ನಿಷೇಧಿಸಿದೆ. ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣೆಯ ಕರ್ತವ್ಯಗಳಿಗೆ ಮಾತ್ರ ವಿನಾಯಿತಿಯುಂಟು. ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರಬಾರದೆಂದು ಪ್ರಕರಣ 26 ಹೇಳುತ್ತದೆ. ಅತಿಥಿ ಶಿಕ್ಷಕರ ನೇಮಕವು ತಾತ್ಕಾಲಿಕ ಏರ್ಪಾಡು ಮಾತ್ರ. ಅದರಿಂದ ಹುದ್ದೆ ಭರ್ತಿಯಾದಂತೆ ಆಗುವುದಿಲ್ಲ.

2018-19ರಿಂದ ಸಮಗ್ರ ಶಿಕ್ಷಣ ಯೋಜನೆಯಡಿ ಕೇಂದ್ರವು ಶೇ. 60, ರಾಜ್ಯವು ಶೇ. 40ರಷ್ಟು ವೆಚ್ಚ ಭರಿಸುತ್ತವೆ. ತರಗತಿಯ ಗಾತ್ರ ತಗ್ಗಿಸಲೆಂದು ಪೋಷಕರು ಅರ್ಜಿ ಸಲ್ಲಿಸಿ ಪಡೆಯುವ ಪ್ರತ್ಯೇಕ ಅನುದಾನ ಇದರಲ್ಲಿಲ್ಲ. ಕೇಳಬೇಕಾದುದು ಹಣವನ್ನಲ್ಲ, ಶಿಕ್ಷಕರ ಹುದ್ದೆಯನ್ನು.

ಕೊರತೆ ಕಂಡುಬಂದಲ್ಲಿ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸಿ ನಡವಳಿಯಲ್ಲಿ ದಾಖಲಿಸುವುದು ಒಳ್ಳೆಯದು. ಅನಂತರ ಪ್ರಕರಣ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಳುಹಿಸಿ. ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆಗಳು ಮತ್ತು ಕಾರ್ಯನಿರತ ಶಿಕ್ಷಕರ ವಿವರಗಳನ್ನು ದೂರಿನಲ್ಲಿ ನಮೂದಿಸಿ, ಸ್ವೀಕೃತಿ ಪಡೆಯತಕ್ಕದ್ದು. ಸಂಬಂಧಪಟ್ಟವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾನೂನಿದೆ. ತೀರ್ಮಾನ ಸಮಾಧಾನಕರವಲ್ಲದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.