ಬೆನ್ನುನೋವು ಮತ್ತು ಮಿದುಳು

ದಾವಣಗೆರೆ ಬೆನ್ನಿನ ಬಲದಿಂದ ಬೆಳೆದ ಊರು. ಹತ್ತಿಯ ಅಂಡಿಗೆ ಹೊತ್ತ ಹಮಾಲರು, ಗಿರಣಿಯಲ್ಲಿ ಪಾಳಿಯುದ್ದಕ್ಕೂ ನಿಂತವರು ಅದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದರು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆಯೂ ಬಹುತೇಕ ಗಿರಣಿಗಳೂ ಈಗ ಮುಚ್ಚಿವೆ. ಮಂಡಕ್ಕಿ ಭಟ್ಟಿಗಳ ಮುಂದೆ ಬಾಗಿ ದುಡಿಯುವವರು ಮಾತ್ರ ಇಂದಿಗೂ ಉಂಟು. ಹೊರೆ ಇಳಿಸಿ ವರ್ಷಗಳು ಕಳೆದ ಮೇಲೂ ಕೆಲವರ ಸೊಂಟನೋವು ಹೋಗುವುದಿಲ್ಲವಲ್ಲ, ಏಕೆ?

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟನ ಪ್ರಕಾರ ನೋವೆಂಬುದು ಹಗ್ಗ ಎಳೆದರೆ ಗಂಟೆ ಬಾರಿಸಿದಂತೆ. ಅವನ ಮರಣಾನಂತರ, 1664ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ವಿಚಾರವಿದೆ. ಇದನ್ನು ನಂಬಿದರೆ, ಗಾಯವಿಲ್ಲದೆಡೆ ನೋವೂ ಇರಕೂಡದು. ಕ್ಷಕಿರಣ ಚಿತ್ರದಲ್ಲಿ ದೋಷ ಕಾಣದಿದ್ದರೆ ಕೂಲಿಕಾರನದು ಸೋಗು ಎಂದು ಮೇಸ್ತ್ರಿ ತೀರ್ಮಾನಿಸುವುದು ಈ ತರ್ಕದಿಂದಲೇ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಬೆರಳು, ಕೈ, ಕಣ್ಣು ಕಳೆದುಕೊಂಡದ್ದಕ್ಕೆ ಶೇಕಡಾ ಲೆಕ್ಕವಿತ್ತು, ಸೊಂಟನೋವಿನ ಹೆಸರಿರಲಿಲ್ಲ.

1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು, ಬೆನ್ನುಮೂಳೆಗಳ ನಡುವಣ ಡಿಸ್ಕ್ ಒಡೆದು ನರವನ್ನು ಒತ್ತುವುದನ್ನು ವಿವರಿಸಿದರು. ಆ ಬಳಿಕ ಎಲ್ಲ ಬೆನ್ನುನೋವಿಗೂ ಡಿಸ್ಕೇ ಅಪರಾಧಿಯಾಯಿತು. ಆದರೆ 1994ರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಪರೀಕ್ಷೆಗೆ ಒಳಪಡಿಸಿದಾಗ, ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡಾ 36 ಮಾತ್ರ! ಚಿತ್ರದಲ್ಲಿನ ದೋಷವೇ ನೋವಿನ ಅಳತೆಯಲ್ಲ ಎಂಬುದು ಇದರಿಂದ ಸ್ಪಷ್ಟ.

ಹಗ್ಗ-ಗಂಟೆಯ ಕಲ್ಪನೆಗೆ ದೊಡ್ಡ ಪೆಟ್ಟು ಬಿದ್ದದ್ದು 1965ರಲ್ಲಿ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಡಿದೆ, ಅದನ್ನು ತೆರೆಯುವಲ್ಲಿ, ಮುಚ್ಚುವಲ್ಲಿ ಮಿದುಳಿನ ಕೈಯೂ ಇದೆ ಎಂದರು. ಪೆಟ್ಟಾದ ಕಡೆ ಉಜ್ಜಿದರೆ ನೋವು ತಗ್ಗುವುದೇಕೆ ಎಂಬುದಕ್ಕೂ ಇದರಲ್ಲಿ ಸಮಾಧಾನ ದೊರೆಯಿತು.

2004ರಲ್ಲಿ ಷಿಕಾಗೋ ನಗರದ ಆಪ್ಕೇರಿಯನ್ ಮತ್ತು ಸಂಗಡಿಗರು ಹಳೆಯ ಬೆನ್ನುನೋವಿನ 26 ರೋಗಿಗಳ ಮಿದುಳನ್ನು ಅಳೆದರು. ಹೊರಪದರದ ಬೂದು ದ್ರವ್ಯ ಆರೋಗ್ಯವಂತರಿಗಿಂತ ಶೇಕಡಾ 5ರಿಂದ 11ರಷ್ಟು ಕಡಮೆಯಿತ್ತು. ಇದು ನೋವಿನ ಕಾರಣವೋ, ಪರಿಣಾಮವೋ? ಅದೇ ಬಳಗ 2012ರಲ್ಲಿ, ಹೊಸದಾಗಿ ಬೆನ್ನುನೋವು ಬಂದವರನ್ನು ಒಂದು ವರ್ಷ ಗಮನಿಸಿತು. ನೋವು ಉಳಿದುಕೊಂಡವರಲ್ಲಿ, ಹಣೆಯ ಹಿಂದಣ ಮಿದುಳಿಗೂ ಆಸೆ, ಕಲಿಕೆಗಳಿಗೆ ಸಂಬಂಧಿಸಿದ ಒಂದು ಒಳಕೇಂದ್ರಕ್ಕೂ ನಡುವಣ ಸಂಪರ್ಕ ಮೊದಲಿನಿಂದಲೂ ಬಲವಾಗಿತ್ತು. ಈ ನಡುವೆ 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಚಿಕಿತ್ಸೆ ಫಲಿಸಿದವರಲ್ಲಿ ತೆಳುವಾಗಿದ್ದ ಒಂದು ಭಾಗ ಮತ್ತೆ ದಪ್ಪವಾದುದನ್ನು ಕಂಡರು. ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಇದೇ: ಈ ಬದಲಾವಣೆ ಹಿಂತಿರುಗಬಲ್ಲುದು.

ನೋವು ಮಿದುಳಿನಲ್ಲಿದೆ ಎಂದೊಡನೆ, ತಮ್ಮನ್ನು ಹುಚ್ಚರೆಂದರೆಂದು ರೋಗಿಗಳು ನೊಂದುಕೊಳ್ಳುವುದುಂಟು. ವೈದ್ಯರು ಈ ಮಾತನ್ನು ತುಸು ಬಿಡಿಸಿ ಹೇಳಬೇಕು. 2020ರಲ್ಲಿ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘವು ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯೂ ಅದರೊಡನೆ ಸೇರಿತು.