ಮಾರಿಕುಪ್ಪಂ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶ: ಸಂದರ್ಶಕರಿಗೆ ಮಾಹಿತಿ

ಪರಿಚಯ
ಕೋಲಾರ ಜಿಲ್ಲೆಯ ಮಾರಿಕುಪ್ಪಂ, ಹಿಂದಿನ ಮೈಸೂರು ಗಣಿಗೆ ಸೇರಿದ ಊರು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಈ ಪ್ರದೇಶದ ಗಣಿಗಾರಿಕೆಯನ್ನು ವಹಿಸಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಮಾರ್ಗದ ಮೂಲಕ ಗಣಿಗಳಿಗೆ ವಿದ್ಯುತ್ ಒದಗಿಸಲಾಯಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ಅಧೀನಕ್ಕೆ ಬಂದವು. ನಂತರ ಇವುಗಳನ್ನು ನಡೆಸಿದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯು 28-02-2001ರಂದು ಕಾರ್ಯ ಸ್ಥಗಿತಗೊಳಿಸಿತು.

ತಲುಪುವ ಮಾರ್ಗ
ಬಂಗಾರಪೇಟೆ ಜಂಕ್ಷನ್‌ನಿಂದ ಕವಲೊಡೆಯುವ ಸುಮಾರು 16 ಕಿ.ಮೀ. ರೈಲು ಮಾರ್ಗದಲ್ಲಿ ಊರಿಗಾಂ ಹಾಗೂ ಚಾಂಪಿಯನ್ ನಿಲ್ದಾಣಗಳ ನಂತರ ಮಾರಿಕುಪ್ಪಂ ಕೊನೆಯ ನಿಲ್ದಾಣವಾಗಿರುತ್ತದೆ. ಬೆಂಗಳೂರಿನಿಂದ ನೇರ ರೈಲುಗಳೂ ಇರುತ್ತವೆ. ಗಣಿಗಳು ಮುಚ್ಚಿದ ಬಳಿಕ ಇಲ್ಲಿನ ಅನೇಕರು ನಿತ್ಯ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವುದರಿಂದ, ಬೆಳಿಗ್ಗೆ ಬೆಂಗಳೂರಿನ ಕಡೆಗೆ ಹಾಗೂ ಸಂಜೆ ಮಾರಿಕುಪ್ಪಂ ಕಡೆಗೆ ಜನದಟ್ಟಣೆ ಹೆಚ್ಚು.

ನೋಡಬಹುದಾದ ಸ್ಥಳಗಳು
1. ರಸ್ತೆಯಿಂದಲೇ ಕಾಣುವ, ಗಣಿಬಾವಿಗಳ ಮೇಲಿನ ಉಕ್ಕಿನ ಗೋಪುರಗಳು.
2. ಬ್ರಿಟಿಷರ ಕಾಲದ ಬಂಗಲೆಗಳು ಹಾಗೂ ಕಾರ್ಮಿಕರ ಲೈನ್ ಮನೆಗಳು.
3. ರಾಬರ್ಟ್‌ಸನ್ ಪೇಟೆ ಮತ್ತು ಆಂಡರ್ಸನ್ ಪೇಟೆ.
4. ಗಣಿಗಳಿಗೆ ನೀರು ಒದಗಿಸಿದ, ಪಾಲಾರ್ ನದಿಯ ಬೇತಮಂಗಲ ಕೆರೆ.
5. ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಾಲಯ.

ಸಾರ್ವಜನಿಕರ ಗಮನಕ್ಕೆ
1. ಭೂಗತ ಗಣಿಗಳಿಗೆ ಪ್ರವೇಶವಿರುವುದಿಲ್ಲ. ಚಾಂಪಿಯನ್ ರೀಫ್ ಗಣಿಯು 3 ಕಿ.ಮೀ.ಗೂ ಹೆಚ್ಚು ಆಳವಿದೆ. ನೀರೆತ್ತುವ ಪಂಪುಗಳು ನಿಂತ ನಂತರ ಗಣಿಗಳಲ್ಲಿ ನೀರು ತುಂಬಿದೆ. ಗಣಿಬಾವಿಗಳ ಹಾಗೂ ಶಿಥಿಲ ಕಟ್ಟಡಗಳ ಸಮೀಪಕ್ಕೆ ಹೋಗಬಾರದು.
2. ಪುಡಿಮಾಡಿದ ಅದಿರಿನಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನ ತೆಗೆದ ನಂತರ ಉಳಿದ ನುಣುಪಾದ ಮಣ್ಣೇ ಸೈನೈಡ್ ಗುಡ್ಡಗಳು. ಇವು ನೈಸರ್ಗಿಕ ಬೆಟ್ಟಗಳಲ್ಲ. ಗಾಳಿಗೆ ಏಳುವ ಧೂಳು ಆರೋಗ್ಯಕ್ಕೆ ಹಾನಿಕರ. ಮಳೆಗೆ ಅಂಚುಗಳು ಕುಸಿಯುತ್ತವೆ. ಗುಡ್ಡಗಳನ್ನು ಹತ್ತಬಾರದು, ಮಕ್ಕಳನ್ನು ಆಡಲು ಬಿಡಬಾರದು ಹಾಗೂ ಕೆಳಗೆ ನಿಂತ ನೀರನ್ನು ಬಳಸಬಾರದು.
3. ಗಣಿ ಸಂಸ್ಥೆಯ ಸ್ವತ್ತಿನಲ್ಲಿ ಪ್ರವೇಶ ಅಥವಾ ಚಿತ್ರೀಕರಣಕ್ಕೆ ಸದರಿ ಸಂಸ್ಥೆಯಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.
4. ಲೈನ್ ಮನೆಗಳು ಪಾಳುಬಿದ್ದ ಸ್ಮಾರಕಗಳಲ್ಲ. ಗಣಿ ಕಾರ್ಮಿಕರ ಕುಟುಂಬಗಳು ಇಂದಿಗೂ ಅಲ್ಲಿ ವಾಸವಾಗಿವೆ. ಭೂಮಿಯಡಿಯ ದುಡಿಮೆಯಲ್ಲಿ ಹಿರಿಯರನ್ನು ಕಳೆದುಕೊಂಡ ಮನೆಗಳೂ ಇವೆ. ನಿವಾಸಿಗಳ ಒಪ್ಪಿಗೆಯಿಲ್ಲದೆ ಮನೆಗಳ ಅಥವಾ ವ್ಯಕ್ತಿಗಳ ಛಾಯಾಚಿತ್ರ ತೆಗೆಯಬಾರದು.

ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸುವಂತೆ ಸಂದರ್ಶಕರಲ್ಲಿ ಕೋರಲಾಗಿದೆ.