ಮುಳುಗಿದ ಊರು ಮತ್ತು ಸಂಧಿ ತಪ್ಪಿದ ಗೋಡೆ

ಮುಳುಗಡೆ ಅನ್ನೋ ಪದಕ್ಕೆ ಸಾಗರದ ಕಡೆಯವರಿಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಂತೂ ಕಾಲ ಲೆಕ್ಕ ಹಾಕುತ್ತಿದ್ದದ್ದೇ ಅದರಿಂದ. "ಅದು ಮುಳುಗಡೆಗಿಂತ ಮುಂಚಿನ ಮಾತು", "ನಿನ್ನ ದೊಡ್ಡಪ್ಪ ಹುಟ್ಟಿದ್ದು ಮುಳುಗಡೆಯಾಗಿ ಎರಡು ವರ್ಷಕ್ಕೆ"... ಹೀಗೆ. ಅಜ್ಜಿಯ ತವರು ಕರೂರು ಸೀಮೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ಏರಿದಾಗ ಆ ಮನೆ, ತೋಟ, ಅಜ್ಜಿ ನಾಲ್ಕನೇ ಕ್ಲಾಸಿನವರೆಗೆ ಓದಿದ ಶಾಲೆ ಎಲ್ಲ ನೀರಿನಡಿಗೆ ಹೋದವು.

ವೆಲ್ಷ್ ಭಾಷೆಯಲ್ಲೂ ಇದೇ ಕೆಲಸ ಮಾಡುವ ಒಂದು ಪದ ಇದೆ: ಟ್ರವೆರಿನ್. ನಿಜಕ್ಕೂ ಅದು ಒಂದು ಪುಟ್ಟ ನದಿಯ ಹೆಸರು. ಆದರೆ ವೇಲ್ಸಿನಲ್ಲಿ ಯಾರ ಹತ್ತಿರ ಆ ಹೆಸರು ಹೇಳಿದರೂ ಅವರಿಗೆ ನೆನಪಾಗುವುದು ನದಿಯಲ್ಲ, ಮುಳುಗಡೆ. ಕಳೆದ ವರ್ಷ ಪ್ರಾಜೆಕ್ಟ್ ಕೆಲಸಕ್ಕೆ ಎಂಟು ತಿಂಗಳು ಲಿವರ್‌ಪೂಲಿನಲ್ಲಿದ್ದೆ. ಆಗ ಒಂದು ಶನಿವಾರ ರೂಮ್‌ಮೇಟ್ ಕಾರಿನಲ್ಲಿ ಅಲ್ಲಿಗೆ ಹೋಗಿ ಬಂದೆವು. ಬಾಲಾ ಅನ್ನುವ ಊರು ದಾಟಿ ಸ್ವಲ್ಪ ದೂರ ಹೋದರೆ (ಹೌದು, ಊರಿನ ಹೆಸರೇ ಬಾಲಾ) ಹುಲ್ಲು ಬೆಳೆದ ದೊಡ್ಡ ಏರಿ, ಅದರ ಹಿಂದೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೆರೆ. ಹೆಸರು ಲಿನ್ ಕೆಲಿನ್. ತುಂಬಾ ಚೆನ್ನಾಗಿದೆ, ಫೋಟೋ ತೆಗೆಯುವವರು ಕಾರು ನಿಲ್ಲಿಸಿಕೊಂಡೇ ಇರುತ್ತಾರೆ. ನಮ್ಮ ಹಿನ್ನೀರೂ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ ಬಿಡಿ.

ಆ ಕೆರೆಯ ಅಡಿಯಲ್ಲಿರುವುದು ಕಪೆಲ್ ಕೆಲಿನ್ ಎಂಬ ಹಳ್ಳಿ. ಒಂದು ಪ್ರಾರ್ಥನಾ ಮಂದಿರ, ಒಂದು ಶಾಲೆ, ಒಂದು ಪೋಸ್ಟಾಫೀಸು, ಒಂದು ಸ್ಮಶಾನ, ಹನ್ನೆರಡು ಮನೆ-ಹೊಲಮನೆಗಳು. ಇಡೀ ಕಣಿವೆಯಲ್ಲಿ ಇದ್ದವರು 67 ಜನ. ಅದರಲ್ಲಿ ಮನೆ ಕಳೆದುಕೊಂಡವರು 48. ಮುಳುಗಿದ ಜಾಗ ಸುಮಾರು 800 ಎಕರೆ, ಅಂದರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಲಿಂಗನಮಕ್ಕಿಯಲ್ಲಿ ಮುಳುಗಿದ್ದು ಸುಮಾರು 300 ಚದರ ಕಿಲೋಮೀಟರ್. ನೂರು ಪಟ್ಟು! ಈ ಲೆಕ್ಕ ನೋಡಿದಾಗ ನನಗೆ ಮೊದಲು ಅನಿಸಿದ್ದು, 'ಇಷ್ಟೇನಾ? ಇಷ್ಟಕ್ಕೆ ಒಂದು ದೇಶದ ರಾಜಕೀಯವೇ ಬದಲಾಯಿತಾ?' ಅಂತ.

ಕಥೆ ಶುರುವಾಗುವುದು 1955ರಲ್ಲಿ. ಲಿವರ್‌ಪೂಲ್ ನಗರಸಭೆಗೆ ನೀರು ಬೇಕಿತ್ತು. ಮೊದಲು ಅವರ ಕಣ್ಣು ಬಿದ್ದದ್ದು ಡೊಲಾನೊಗ್ ಎಂಬ ಕಣಿವೆಯ ಮೇಲೆ. ಅದು ಆನ್ ಗ್ರಿಫಿತ್ಸ್ (1776–1805) ಎಂಬ ವೆಲ್ಷ್ ಭಕ್ತಿಕವಿಯ ಊರು. ನಮ್ಮಲ್ಲಿ ಅಕ್ಕಮಹಾದೇವಿಯ ಉಡುತಡಿಯನ್ನು ಮುಳುಗಿಸುತ್ತೇವೆ ಅಂದರೆ ಹೇಗಿರುತ್ತೆ, ಹಾಗೆ ಗಲಾಟೆಯಾಯಿತು. ಸರಿ, ನಿಮ್ಮ ಭಾವನೆಗೆ ಬೆಲೆ ಕೊಡುತ್ತೇವೆ ಅಂತ ಅದನ್ನು ಬಿಟ್ಟು ಟ್ರವೆರಿನ್ ಕಣಿವೆ ಹಿಡಿದರು. ಮೊದಲನೆಯದು ಬರೀ ನೆಪ, ಗುರಿ ಇದೇ ಆಗಿತ್ತು ಅನ್ನುವವರೂ ಇದ್ದಾರೆ.

ಇಲ್ಲಿ ಬರುತ್ತೆ ನೋಡಿ ನನ್ನಂಥ ಸಾಫ್ಟ್‌ವೇರಿನವನಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಯಾವುದೇ ಪ್ರಾಜೆಕ್ಟಿಗೆ ಯಾರ ಯಾರ ಅಪ್ರೂವಲ್ ಬೇಕು ಅನ್ನುವ ಪಟ್ಟಿ ಇರುತ್ತದೆ. ತೊಂದರೆ ಕೊಡುವ ಹೆಸರನ್ನು ಪಟ್ಟಿಯಿಂದಲೇ ತೆಗೆಯುವ ದಾರಿ ಹುಡುಕುವವನು ಜಾಣ ಮ್ಯಾನೇಜರ್! ಲಿವರ್‌ಪೂಲಿನವರು ಮಾಡಿದ್ದೂ ಅದನ್ನೇ. ನೇರವಾಗಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಮ್ಮದೇ ಒಂದು ಖಾಸಗಿ ಮಸೂದೆ ಇಟ್ಟರು. ಅದು ಪಾಸಾದರೆ ವೇಲ್ಸಿನ ಸ್ಥಳೀಯ ಆಡಳಿತದ ಒಪ್ಪಿಗೆಯೇ ಬೇಕಿರಲಿಲ್ಲ. 1957ರ ಆಗಸ್ಟ್ 1ರಂದು ಅದು ಕಾಯಿದೆಯಾಯಿತು. ವೇಲ್ಸಿನ 36 ಸಂಸದರಲ್ಲಿ ಒಬ್ಬರೂ ಅದರ ಪರ ಮತ ಹಾಕಿರಲಿಲ್ಲ. ಏನೂ ವ್ಯತ್ಯಾಸ ಆಗಲಿಲ್ಲ, ಇಂಗ್ಲೆಂಡಿನ ಸಂಸದರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚು.

ಊರಿನವರು ಸುಮ್ಮನೆ ಕೂತಿರಲಿಲ್ಲ. ರಕ್ಷಣಾ ಸಮಿತಿ ಮಾಡಿಕೊಂಡರು. 1956ರ ನವೆಂಬರಿನಲ್ಲಿ ಪ್ಲೈಡ್ ಕಮ್ರಿ ಪಕ್ಷದ ಅಧ್ಯಕ್ಷ ಗ್ವಿನ್ವೋರ್ ಎವಾನ್ಸ್ ಇನ್ನಿಬ್ಬರ ಜೊತೆ ಲಿವರ್‌ಪೂಲ್ ನಗರಸಭೆಯ ಸಭಾಂಗಣಕ್ಕೇ ಹೋಗಿ ಎದ್ದು ನಿಂತು ಮಾತಾಡಲು ನೋಡಿದರು. ಸದಸ್ಯರು ಮೇಜು ಬಡಿದು ಬಡಿದು ಅವರ ಮಾತು ಕೇಳದಂತೆ ಮಾಡಿದರು, ಪೊಲೀಸರು ಬಂದು ಹೊರಗೆ ಕಳಿಸಿದರು. ಮತ್ತೆ ಎರಡು ವಾರಕ್ಕೆ, ನವೆಂಬರ್ 21ರಂದು, ಊರಿಗೆ ಊರೇ ಬಸ್ಸು ಹತ್ತಿ ಲಿವರ್‌ಪೂಲಿಗೆ ಬಂತು. ನಮ್ಮ ಮನೆ ಮುಳುಗಿಸಬೇಡಿ ಅಂತ ಇಂಗ್ಲಿಷಿನಲ್ಲಿ ಬರೆದ ಫಲಕ ಹಿಡಿದು ಮಕ್ಕಳೂ ನಡೆದರು. ಆ ಮೆರವಣಿಗೆಯಲ್ಲಿ ಪುಟ್ಟ ಮಗುವಾಗಿ ನಡೆದಿದ್ದವರು ಮುಂದೆ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ, ದಾರಿಯಲ್ಲಿ ಜನ ಉಗುಳಿದ್ದು ನೆನಪಿದೆ ಅಂತ. ನಾನು ದಿನಾ ಸಂಜೆ ಕಾಫಿ ಹುಡುಕಿಕೊಂಡು ಓಡಾಡುತ್ತಿದ್ದ ಊರಿನ ಬೀದಿಗಳು ಅವು. ಇದನ್ನು ಓದಿದ ಮೇಲೆ ಆ ಬೀದಿಗಳಲ್ಲಿ ಸ್ವಲ್ಪ ದಿನ ಒಂಥರಾ ಅನಿಸುತ್ತಿತ್ತು.

ಹಾಗಂತ ಲಿವರ್‌ಪೂಲನ್ನು ರಾಕ್ಷಸ ಮಾಡುವುದೂ ಸರಿಯಲ್ಲ. ಯುದ್ಧದಲ್ಲಿ ಬಾಂಬು ತಿಂದು ಜಜ್ಜಿಹೋಗಿದ್ದ ಊರು ಅದು, ಸಾವಿರಾರು ಜನ ಕೊಳೆಗೇರಿಗಳಲ್ಲಿದ್ದರು. ಅವರಿಗೂ ಮನೆ, ನಲ್ಲಿ ಬೇಕಿತ್ತು. (ನೀರಿನ ದೊಡ್ಡ ಪಾಲು ಕಾರ್ಖಾನೆಗಳಿಗೇ ಅಂತ ವಿರೋಧಿಗಳು ವಾದಿಸಿದ್ದರು.) ಇನ್ನೂ ವಿಚಿತ್ರ ಏನೆಂದರೆ ಲಿವರ್‌ಪೂಲ್ ಒಂದು ಕಾಲಕ್ಕೆ ಅರೆ ವೆಲ್ಷ್ ಊರು. ಅಲ್ಲಿನ ಎಷ್ಟೋ ಬೀದಿಗಳನ್ನು ಕಟ್ಟಿದ್ದು ವೆಲ್ಷ್ ಮೇಸ್ತ್ರಿಗಳು. ವೇಲ್ಸಿನ ಸಾಹಿತ್ಯ ಸಮ್ಮೇಳನ ಅನ್ನಬಹುದಾದ ಐಸ್ಟೆಡ್‌ವೊಡ್ 1884, 1900 ಮತ್ತು 1929ರಲ್ಲಿ ಲಿವರ್‌ಪೂಲಿನಲ್ಲೇ ನಡೆದಿತ್ತು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಹುಟ್ಟಿದ ಮ್ಯಾಡ್ರಿನ್ ಬೀದಿಗೆ ಕೂಡ ವೆಲ್ಷ್ ಹೆಸರೇ.

ಅದಕ್ಕಿಂತ ನನ್ನ ತಲೆ ಕೆಡಿಸಿದ್ದು ಇನ್ನೊಂದು. ಲಿವರ್‌ಪೂಲ್ ನೀರಿಗಾಗಿ ವೆಲ್ಷ್ ಹಳ್ಳಿ ಮುಳುಗಿಸಿದ್ದು ಇದೇ ಮೊದಲಲ್ಲ. 1880ರ ದಶಕದಲ್ಲೇ ವರ್ನ್ವಿ ನದಿಗೆ ಅಣೆಕಟ್ಟು ಕಟ್ಟಿ ಲನ್‌ವುಥಿನ್ ಎಂಬ ಊರನ್ನು ಮುಳುಗಿಸಿದ್ದರು. ಅದು ಕಪೆಲ್ ಕೆಲಿನ್‌ಗಿಂತ ದೊಡ್ಡ ಊರು. ಚರ್ಚು, ಹೋಟೆಲುಗಳು, ಮೂವತ್ತಕ್ಕೂ ಹೆಚ್ಚು ಮನೆಗಳಿದ್ದವು. ಆಗ ಇಂಥ ದೇಶವ್ಯಾಪಿ ಗದ್ದಲ ಏಳಲಿಲ್ಲ. ಅದೇ ನಗರ, ಅದೇ ನೀರು, ಆ ಊರಿಗಿಲ್ಲದ ಸಿಟ್ಟು ಈ ಊರಿಗೆ ಯಾಕೆ?

ಉತ್ತರ ಜನಗಣತಿಯಲ್ಲಿದೆ ಅಂತ ನನ್ನ ಅನಿಸಿಕೆ. 1891ರಲ್ಲಿ ವೇಲ್ಸಿನ ಅರ್ಧಕ್ಕಿಂತ ಹೆಚ್ಚು ಜನ ವೆಲ್ಷ್ ಮಾತಾಡುತ್ತಿದ್ದರು. ಒಂದು ಊರು ಮುಳುಗಿದರೆ ಅದೇ ಭಾಷೆಯ ಇನ್ನೊಂದು ಊರು ಇತ್ತು. 1961ರ ಹೊತ್ತಿಗೆ ಅದು ನೂರಕ್ಕೆ 26ಕ್ಕೆ ಇಳಿದಿತ್ತು. ಶಾಲೆಯಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುವ ಪದ್ಧತಿ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಹಲವು ಕಡೆ ಇತ್ತು. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಎರಡು ರೂಪಾಯಿ ಫೈನ್ ಇತ್ತು, ಹಾಗಾಗಿ ಮರದ ತುಂಡಿನ ಕಥೆ ನನಗೇನೂ ವಿಶೇಷ ಅನಿಸಲಿಲ್ಲ :-) ಇಂಥದ್ದೆಲ್ಲ ದಾಟಿಕೊಂಡು ಬಂದ ಭಾಷೆ ಕಪೆಲ್ ಕೆಲಿನ್‌ನಲ್ಲಿ ಇನ್ನೂ ಮಾಮೂಲಿಯಾಗಿತ್ತು. ಕುರಿ ಲೆಕ್ಕ, ಪೋಸ್ಟಾಫೀಸಿನ ಹರಟೆ, ಮಕ್ಕಳ ಜಗಳ, ಪ್ರಾರ್ಥನೆ ಎಲ್ಲ ವೆಲ್ಷ್‌ನಲ್ಲೇ. ಅಲ್ಲಿ ಯಾರೂ ಭಾಷೆ ಉಳಿಸುವ ಹೋರಾಟ ಮಾಡುತ್ತಿರಲಿಲ್ಲ, ಅದರ ಅಗತ್ಯವೇ ಇರಲಿಲ್ಲ. ಅಂಥ ಜಾಗಗಳು ಬೆರಳೆಣಿಕೆಗೆ ಇಳಿದಾಗ ಒಂದೊಂದಕ್ಕೂ ಬೆಲೆ ಬರುತ್ತದೆ. ನಮ್ಮ ಮುಳುಗಡೆಗೂ ಅದಕ್ಕೂ ಇರುವ ವ್ಯತ್ಯಾಸ ಇದು. ಲಾರಿಯಲ್ಲಿ ಹೆಂಚು, ತೊಲೆ ಹೇರಿಕೊಂಡು ಹೊರಟ ಅಜ್ಜಿಯ ಮನೆಯವರು ಇಳಿದದ್ದು ಇನ್ನೊಂದು ಕನ್ನಡದ ಊರಿನ ಕಾಡಿನಲ್ಲೇ. ನೆಲ ಹೋಯಿತು, ಮಾತು ಹೋಗಲಿಲ್ಲ.

1963ರ ಜುಲೈನಲ್ಲಿ ಕಪೆಲ್ ಕೆಲಿನ್ ಶಾಲೆ ಮುಚ್ಚಿತು. ಪ್ರಾರ್ಥನಾ ಮಂದಿರದಲ್ಲಿ ಕೊನೆಯ ಪೂಜೆ ನಡೆದದ್ದು ಅದೇ ವರ್ಷದ ಸೆಪ್ಟೆಂಬರ್ 28ರಂದು. ಜೆಫ್ ಚಾರ್ಲ್ಸ್ ಎಂಬ ಪತ್ರಿಕಾ ಛಾಯಾಗ್ರಾಹಕ ಈ ಊರಿನ ಕೊನೆಯ ವರ್ಷಗಳನ್ನು ಬಿಡದೆ ಹಿಡಿದಿಟ್ಟ. ಆ ಚಿತ್ರಗಳು ಈಗ ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಇಂಟರ್ನೆಟ್ಟಿನಲ್ಲೂ ಸಿಗುತ್ತವೆ. ಶಾಲೆಯ ಒಂದು ಫೋಟೋ ಅಜ್ಜಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಮಾಡಿ, "ನಮ್ದೂ ಬೆಂಚು ಹಿಂಗೇ ಇತ್ತು ಮಾರಾಯ. ಆದ್ರೆ ನಮ್ದು ಯಾರು ಫೋಟೋ ತೆಗೆದ್ರು?" ಅಂದರು.

1965ರ ಅಕ್ಟೋಬರ್ 21ಕ್ಕೆ ಉದ್ಘಾಟನೆ. ನೂರಾರು ಪ್ರತಿಭಟನಾಕಾರರು ಸೇರಿ ಕಲ್ಲು ತೂರಿ, ಮೈಕಿನ ವೈರು ಕತ್ತರಿಸಿ ಗಲಾಟೆ ಮಾಡಿದ್ದರಿಂದ ಸಮಾರಂಭ ಮೂರೇ ನಿಮಿಷಕ್ಕೆ ಮುಗಿಯಿತು. ಅದಕ್ಕೂ ಮೊದಲು, 1963ರ ಫೆಬ್ರವರಿಯಲ್ಲಿ ಕಾಮಗಾರಿ ಜಾಗದ ಟ್ರಾನ್ಸ್‌ಫಾರ್ಮರಿಗೆ ಬಾಂಬ್ ಇಟ್ಟ ಮೂವರಲ್ಲಿ ಒಬ್ಬ ಎಮಿರ್ ಲೆವೆಲಿನ್, ಪ್ರಸಿದ್ಧ ವೆಲ್ಷ್ ಮಕ್ಕಳ ಸಾಹಿತಿ ಟಿ. ಲೆವ್ ಜೋನ್ಸ್ ಅವರ ಮಗ. ಬಾಂಬಿನಿಂದ ಅಣೆಕಟ್ಟೇನೂ ನಿಲ್ಲಲಿಲ್ಲ, ಅವನು ಜೈಲಿಗೆ ಹೋದ.

ಮುಂದೆ ಆದದ್ದನ್ನೆಲ್ಲ ಈ ಒಂದು ಕೆರೆಗೆ ಕಟ್ಟಿಬಿಡುವ ಅಭ್ಯಾಸ ಹಲವರಿಗಿದೆ. ನನಗೆ ಅಷ್ಟು ನೇರ ಅನಿಸುವುದಿಲ್ಲ. 1959ರ ಚುನಾವಣೆಯಲ್ಲಿ ಗ್ವಿನ್ವೋರ್ ಎವಾನ್ಸ್ ಇದೇ ಜಿಲ್ಲೆಯಲ್ಲಿ ನಿಂತು ಸೋತಿದ್ದರು! ಆದರೆ 1966ರಲ್ಲಿ ಕಾರ್ಮಾರ್ಥನ್‌ನಿಂದ ಗೆದ್ದು ಅವರ ಪಕ್ಷದ ಮೊದಲ ಸಂಸದರಾದರು. 1967ರಲ್ಲಿ ವೆಲ್ಷ್ ಭಾಷಾ ಕಾಯಿದೆ, 1982ರಲ್ಲಿ ವೆಲ್ಷ್ ಟೀವಿ ಚಾನೆಲ್, 1999ರಲ್ಲಿ ವೇಲ್ಸಿಗೆ ಸ್ವಂತ ಶಾಸನಸಭೆ ಬಂದವು. ನಮ್ಮನ್ನು ಕೇಳದೇ ನಮ್ಮ ಊರು ಮುಳುಗಿಸಬಹುದು ಅನ್ನುವ ಅರಿವು ಇವೆಲ್ಲದರ ಹಿಂದೆ ಇತ್ತು ಅನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು. ಲಿವರ್‌ಪೂಲ್ ನಗರಸಭೆ 2005ರಲ್ಲಿ ಕ್ಷಮೆ ಕೇಳಿತು. ನಲವತ್ತು ವರ್ಷ ತಡ. ಕೇಳಿತು ಅನ್ನುವುದೂ ಸಣ್ಣದಲ್ಲ.

ಈಗ ಶೀರ್ಷಿಕೆಯ ಗೋಡೆಗೆ ಬರೋಣ. ಅಬೆರಿಸ್ಟ್‌ವಿತ್ ಊರಿನ ದಕ್ಷಿಣಕ್ಕೆ, ಲನ್‌ರಸ್ಟಿಡ್ ಹತ್ತಿರ, ರಸ್ತೆ ಪಕ್ಕದಲ್ಲಿ ಒಂದು ಪಾಳುಮನೆಯ ಗೋಡೆ. 1960ರ ದಶಕದಲ್ಲಿ ಮೈಕ್ ಸ್ಟೀಫನ್ಸ್ ಎಂಬ ಯುವಕ (ಮುಂದೆ ಹೆಸರಾಂತ ಲೇಖಕರಾದರು) ಅದರ ಮೇಲೆ ಬಣ್ಣದಲ್ಲಿ 'ಕೊವ್ಯುಖ್ ಟ್ರವೆರಿನ್' ಅಂತ ಬರೆದರು. ಟ್ರವೆರಿನ್ ಮರೆಯಬೇಡಿ, ನೆನಪಿಡಿ ಅಂತ ಅರ್ಥ. ಅವರು ವೆಲ್ಷ್ ಕಲಿತದ್ದು ದೊಡ್ಡವರಾದ ಮೇಲೆ, ಹಾಗಾಗಿ ಒಂದು ತಪ್ಪಾಯಿತು. ವ್ಯಾಕರಣದ ಪ್ರಕಾರ ಅಲ್ಲಿ 'ಟ' ಹೋಗಿ 'ಡ' ಬರಬೇಕು: 'ಕೊವ್ಯುಖ್ ಡ್ರವೆರಿನ್'.

ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಯಾಕೆಂದರೆ ಇದು ನಮ್ಮ ಆದೇಶ ಸಂಧಿ ಕಣ್ರೀ! ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ, ಕ-ತ-ಪಗಳಿಗೆ ಗ-ದ-ಬ ಆದೇಶ. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ವೆಲ್ಷ್‌ನಲ್ಲೂ ಕ ಗ ಆಗುತ್ತೆ, ಟ ಡ ಆಗುತ್ತೆ, ಪ ಬ ಆಗುತ್ತೆ. ಕಮ್ರಿ ಅಂದರೆ ವೇಲ್ಸ್, 'ವೇಲ್ಸಿಗೆ' ಅನ್ನಬೇಕಾದರೆ 'ಇ ಗಮ್ರಿ'. ಎರಡು ಭಾಷೆಗೂ ನೆಂಟಸ್ತನ ಏನೂ ಇಲ್ಲ, ನಾಲಿಗೆ ಎಲ್ಲ ಕಡೆ ಸುಲಭದ ದಾರಿ ಹುಡುಕುತ್ತದೆ ಅಷ್ಟೆ.

ಆಮೇಲೆ ಬಣ್ಣ ಬಳಿದವರು ಸಂಧಿ ಸರಿ ಮಾಡಿದರು. ಐವತ್ತು ವರ್ಷಕ್ಕೂ ಮೀರಿ ಯಾರು ಯಾರೋ ಅದಕ್ಕೆ ಮತ್ತೆ ಮತ್ತೆ ಬಣ್ಣ ಹಚ್ಚುತ್ತಲೇ ಬಂದಿದ್ದಾರೆ. 2019ರ ಫೆಬ್ರವರಿಯಲ್ಲಿ ಯಾರೋ ಅದರ ಮೇಲೆ 'ಎಲ್ವಿಸ್' ಅಂತ ಗೀಚಿದರು, ಏಪ್ರಿಲ್‌ನಲ್ಲಿ ಗೋಡೆಯ ಒಂದು ಭಾಗವನ್ನೇ ಕೆಡವಿದರು. ಹುಡುಗರು ಹೋಗಿ ಕಲ್ಲು ಜೋಡಿಸಿ ಮತ್ತೆ ಕಟ್ಟಿದರು. ಅಷ್ಟಕ್ಕೆ ನಿಲ್ಲದೆ ವೇಲ್ಸ್ ತುಂಬಾ ಹಟ್ಟಿ, ಅಂಗಡಿ, ಕಾಂಪೌಂಡುಗಳ ಮೇಲೆ ಅದೇ ಕೆಂಪು-ಬಿಳಿ ಬರಹ ಕಾಣಿಸಿಕೊಂಡಿತು. ಆದರೂ 2021ರ ಜನಗಣತಿಯಲ್ಲಿ ವೆಲ್ಷ್ ಮಾತಾಡುವವರು ನೂರಕ್ಕೆ 17.8. ಗೋಡೆ ಬರಹ ಹೆಚ್ಚಿತು, ಮಾತಾಡುವವರು ಹೆಚ್ಚಲಿಲ್ಲ.

ಕೆರೆಯ ದಡದಲ್ಲಿ, ಮುಳುಗಿದ ಮನೆಗಳ ಕಲ್ಲಿನಿಂದಲೇ ಕಟ್ಟಿದ ಒಂದು ಸ್ಮಾರಕ ಮಂದಿರ ಇದೆ. ಹಳೆಯ ಸ್ಮಶಾನದ ಸಮಾಧಿ ಕಲ್ಲುಗಳನ್ನು ತಂದು ಅಲ್ಲಿ ನಿಲ್ಲಿಸಿದ್ದಾರೆ. ಕೆಲವೇ ಶವಗಳನ್ನು ತೆಗೆದು ಬೇರೆಡೆ ಮಣ್ಣು ಮಾಡಿದ್ದು, ಉಳಿದವರು ಇನ್ನೂ ಕೆಳಗೇ ಇದ್ದಾರೆ, ಮೇಲೆ ಕಾಂಕ್ರೀಟು, ಅದರ ಮೇಲೆ ನೀರು. ಆ ನೀರು ಟ್ರವೆರಿನ್‌ನಿಂದ ಡೀ ನದಿಗೆ ಇಳಿದು, ಚೆಸ್ಟರ್ ಹತ್ತಿರ ಮೇಲೆತ್ತಿಸಿಕೊಂಡು ಲಿವರ್‌ಪೂಲ್ ಕಡೆಯ ನಲ್ಲಿಗಳಿಗೆ ಬರುತ್ತದೆ. ಎಂಟು ತಿಂಗಳು ನಾನು ಅನ್ನ ಬೇಯಿಸಿಕೊಂಡಿದ್ದರಲ್ಲಿ ಅದೂ ಸೇರಿರಬೇಕು.

ಕೊನೆಗೆ ಒಂದು ಕೋರಿಕೆ. ಸಾಗರ, ಹೊಸನಗರ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಮನೆಯ ಹಳೇ ಟ್ರಂಕು ಒಮ್ಮೆ ನೋಡಿ. 1964ಕ್ಕಿಂತ ಹಿಂದಿನ ಕರೂರು ಸೀಮೆಯ ಯಾವುದೇ ಶಾಲೆಯ ಫೋಟೋ ಸಿಕ್ಕರೆ ಸ್ಕ್ಯಾನ್ ಮಾಡಿ ಹಾಕಿ. ಎಷ್ಟು ಮಸುಕಾಗಿದ್ದರೂ ಪರವಾಗಿಲ್ಲ. ಅಜ್ಜಿ ದಿನಾ ಕೇಳುತ್ತಿದ್ದಾರೆ.